ಅಲಿಸ್ಟರ್ ಮೆಕೆಂಜಿ

ಅಲಿಸ್ಟರ್ ಮೆಕೆಂಜಿ (ಆಗಸ್ಟ್ 30, 1870 – ಜನವರಿ 6, 1934) ಬ್ರಿಟನ್ನಿನ ವೈದ್ಯರು ಹಾಗೂ ಗಾಲ್ಫ್ ಮೈದಾನಗಳ ವಿನ್ಯಾಸಕರು. ಅಮೆರಿಕದ ಆಗಸ್ಟಾ ನ್ಯಾಷನಲ್, ಸೈಪ್ರೆಸ್ ಪಾಯಿಂಟ್, ಪಾಸಾಟಿಯೆಂಪೊ ಮತ್ತು ಆಸ್ಟ್ರೇಲಿಯದ ರಾಯಲ್ ಮೆಲ್ಬರ್ನ್ ಇವರ ಪ್ರಮುಖ ಮೈದಾನಗಳು. ನೆಲದ ಸಹಜ ಏರಿಳಿತವನ್ನು ಉಳಿಸಿಕೊಂಡು ಆಟವನ್ನು ರೂಪಿಸುವುದು ಇವರ ವಿನ್ಯಾಸದ ಮುಖ್ಯ ಲಕ್ಷಣ.

ಆರಂಭಿಕ ಜೀವನ

ಮೆಕೆಂಜಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ನಾರ್ಮಂಟನ್‌ನಲ್ಲಿ ಸ್ಕಾಟ್ಲೆಂಡ್ ಮೂಲದ ಕುಟುಂಬದಲ್ಲಿ ಜನಿಸಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೇನಾ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸಿದರು. ಬೋಯರ್ ಸೈನಿಕರು ತಮ್ಮ ಕಂದಕಗಳನ್ನು ಸುತ್ತಲಿನ ನೆಲದೊಡನೆ ಬೆರೆಯುವಂತೆ ಮರೆಮಾಚುತ್ತಿದ್ದ ರೀತಿ ಅವರ ಗಮನ ಸೆಳೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅವರು ಇದೇ ವಿದ್ಯೆಯನ್ನು ಬ್ರಿಟಿಷ್ ಸೈನ್ಯಕ್ಕೆ ಕಲಿಸಿದರು. ಮನುಷ್ಯ ನಿರ್ಮಿಸಿದ ದಿಣ್ಣೆ ಮತ್ತು ಮರಳುಗುಂಡಿಗಳು ಪ್ರಕೃತಿಯೇ ಮಾಡಿದಂತೆ ಕಾಣಬೇಕೆಂಬ ಅವರ ನಿಲುವಿಗೂ ಇದೇ ಆಧಾರವಾಯಿತು.

ವಿನ್ಯಾಸಕರಾಗಿ

1907ರಲ್ಲಿ ಲೀಡ್ಸ್ ಸಮೀಪದ ಆಲ್‌ವುಡ್ಲಿ ಮೈದಾನದ ರಚನೆಯೊಂದಿಗೆ ಅವರ ವಿನ್ಯಾಸಕಾರ್ಯ ಆರಂಭವಾಯಿತು. 1914ರಲ್ಲಿ ಕಂಟ್ರಿ ಲೈಫ್ ಪತ್ರಿಕೆಯ ವಿನ್ಯಾಸ ಸ್ಪರ್ಧೆಯಲ್ಲಿ ಬಹುಮಾನ ಪಡೆದರು. ಕ್ರಮೇಣ ವೈದ್ಯವೃತ್ತಿಯನ್ನು ತೊರೆದು ಇದನ್ನೇ ವೃತ್ತಿಯಾಗಿಸಿಕೊಂಡರು. 1920ರಲ್ಲಿ ಪ್ರಕಟವಾದ 'ಗಾಲ್ಫ್ ಆರ್ಕಿಟೆಕ್ಚರ್' ಗ್ರಂಥದಲ್ಲಿ ಉತ್ತಮ ಮೈದಾನಕ್ಕೆ ಬೇಕಾದ 13 ತತ್ತ್ವಗಳನ್ನು ನಿರೂಪಿಸಿದ್ದಾರೆ. ಅವರ ಪ್ರಕಾರ ಮೈದಾನವು ನುರಿತ ಆಟಗಾರನಿಗೆ ಸವಾಲಾಗಿರಬೇಕು. ಸಾಮಾನ್ಯ ಆಟಗಾರನೂ ಸುತ್ತುದಾರಿ ಹಿಡಿದಾದರೂ ಆಟವನ್ನು ಆನಂದದಿಂದ ಮುಗಿಸುವಂತಿರಬೇಕು. ಆದರೆ ಬೆಟ್ಟ ಹತ್ತುವ ಶ್ರಮ ಮಾತ್ರ ಹೆಚ್ಚಾಗಿರಬಾರದು.

ಪಾಸಾಟಿಯೆಂಪೊ

ಈ ತತ್ತ್ವಗಳಿಗೆ ಕಠಿಣ ಪರೀಕ್ಷೆ ಒದಗಿದ್ದು ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್‌ನಲ್ಲಿ. ಅಮೆರಿಕದ ಮಹಿಳಾ ಹವ್ಯಾಸಿ ಚಾಂಪಿಯನ್ ಆಗಿದ್ದ ಮೇರಿಯನ್ ಹಾಲಿನ್ಸ್ ಅಲ್ಲಿನ ಬೆಟ್ಟದ ಇಳಿಜಾರಿನಲ್ಲಿ ಮೈದಾನವೊಂದನ್ನು ನಿರ್ಮಿಸಲು ಅವರನ್ನು ನಿಯೋಜಿಸಿದರು. ಎತ್ತರದ ಭಾಗಗಳಿಂದ ಮಾಂಟೆರೆ ಕೊಲ್ಲಿ ಕಾಣುವ ಈ ನೆಲವನ್ನು ಆಳವಾದ ಕೊರಕಲುಗಳು ಸೀಳಿವೆ. ಮೆಕೆಂಜಿ ಅವನ್ನು ಮುಚ್ಚಿಸದೆ ಆಟದ ಭಾಗವಾಗಿಯೇ ಬಳಸಿಕೊಂಡರು.

ಅವರಿಗೆ ಅತ್ಯಂತ ಪ್ರಿಯವಾಗಿದ್ದ 16ನೆಯ ಕುಳಿಯಲ್ಲಿ ಮೊದಲ ಹೊಡೆತದ ಗುರಿ ದಿಬ್ಬದಾಚೆ ಮರೆಯಾಗಿರುತ್ತದೆ. ಎರಡನೆಯ ಹೊಡೆತವು ಕೊರಕಲನ್ನು ದಾಟಿ ಮೂರು ಹಂತಗಳ ಗ್ರೀನ್ ಮೇಲೆ ಬೀಳಬೇಕು. ಚೆಂಡು ತಪ್ಪು ಹಂತದಲ್ಲಿ ನಿಂತರೆ ಕುಳಿಯ ಬಳಿಗೆ ಅದನ್ನು ಉರುಳಿಸುವುದೇ ದುಸ್ತರವಾಗುತ್ತದೆ. ಕೊನೆಯ ಕುಳಿಯಲ್ಲಿಯೂ ಒಂದೇ ಹೊಡೆತದಲ್ಲಿ ಕೊರಕಲನ್ನು ದಾಟಬೇಕು.

ಮೈದಾನವು ಸೆಪ್ಟೆಂಬರ್ 8, 1929ರಂದು ಉದ್ಘಾಟನೆಗೊಂಡಿತು. ಆ ದಿನ ಆಡಿದವರಲ್ಲಿ ಪ್ರಸಿದ್ಧ ಆಟಗಾರ ಬಾಬಿ ಜೋನ್ಸ್ ಒಬ್ಬರು. ಅದೇ ವಾರ ಪೆಬ್ಬಲ್ ಬೀಚ್‌ನ ಅಮೆರಿಕನ್ ಹವ್ಯಾಸಿ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತಿದ್ದ ಅವರಿಗೆ ಮೆಕೆಂಜಿಯವರ ಮೈದಾನಗಳನ್ನು ನೋಡಲು ಅವಕಾಶ ದೊರೆತಿತ್ತು. ಮೆಕೆಂಜಿ ಮುಂದೆ ಪಾಸಾಟಿಯೆಂಪೊದ 6ನೆಯ ಫೇರ್‌ವೇ ಪಕ್ಕದಲ್ಲೇ ಮನೆ ಮಾಡಿ ನೆಲೆಸಿದರು.

ಆಗಸ್ಟಾ ನ್ಯಾಷನಲ್ ಮತ್ತು ಕೊನೆಯ ದಿನಗಳು

ಜಾರ್ಜಿಯ ರಾಜ್ಯದ ಆಗಸ್ಟಾದಲ್ಲಿ ಹಳೆಯ ಸಸ್ಯಪಾಲನಾ ಕ್ಷೇತ್ರವೊಂದರ ಇಳಿಜಾರಿನಲ್ಲಿ ಮೈದಾನ ನಿರ್ಮಿಸಲು ಜೋನ್ಸ್ ಮೆಕೆಂಜಿಯವರನ್ನು ಆರಿಸಿಕೊಂಡರು. ಅಲ್ಲಿ ಬಂಕರುಗಳು ಬಹಳ ಕಡಿಮೆಯಿದ್ದವು. ನೆಲದ ಓಲುವಿಕೆ ಮತ್ತು ಗ್ರೀನ್‌ಗಳ ಏರಿಳಿತಗಳೇ ಆಟಗಾರನ ನಿರ್ಧಾರವನ್ನು ಪರೀಕ್ಷಿಸುತ್ತಿದ್ದವು.

ಆದರೆ 1929ರ ಅಕ್ಟೋಬರಿನಲ್ಲಿ ಷೇರು ಮಾರುಕಟ್ಟೆ ಕುಸಿದ ಬಳಿಕ ಬಂದ ಆರ್ಥಿಕ ಮುಗ್ಗಟ್ಟಿನಿಂದ ಹೊಸ ಕೆಲಸಗಳು ವಿರಳವಾದವು. ಆಗಸ್ಟಾದ ವಿನ್ಯಾಸಕ್ಕೆ ಒಪ್ಪಿಕೊಂಡಿದ್ದ ಸಂಭಾವನೆಯೂ ಅವರಿಗೆ ಪೂರ್ಣವಾಗಿ ಸಲ್ಲಲಿಲ್ಲ. ಹುಲ್ಲು ಬೆಳೆದು ಸಿದ್ಧಗೊಂಡ ಆ ಮೈದಾನವನ್ನು ಅವರು ನೋಡಲೂ ಇಲ್ಲ. ಜನವರಿ 6, 1934ರಂದು ಸಾಂತಾ ಕ್ರೂಜ್‌ನಲ್ಲಿ ನಿಧನರಾದರು. ಮುಂದೆ ಮಾಸ್ಟರ್ಸ್ ಎಂದು ಹೆಸರಾದ ಪಂದ್ಯಾವಳಿ ಆಗಸ್ಟಾದಲ್ಲಿ ಮೊದಲ ಬಾರಿಗೆ ನಡೆದದ್ದು ಅದೇ ವರ್ಷದ ಮಾರ್ಚ್‌ನಲ್ಲಿ.

ಮರಣಾನಂತರ

ಅವರು ಬರೆದಿಟ್ಟಿದ್ದ 'ದಿ ಸ್ಪಿರಿಟ್ ಆಫ್ ಸೇಂಟ್ ಆಂಡ್ರ್ಯೂಸ್' ಹಸ್ತಪ್ರತಿಯು ಆರು ದಶಕಗಳ ಬಳಿಕ, 1995ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. 2005ರಲ್ಲಿ ಅವರ ಹೆಸರನ್ನು ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.