ಬಾಬಾಸಾಹೇಬರ ಸೂಟು

ಪ್ಲೇಸ್‌ಮೆಂಟ್ ಬಂತೆಂದರೆ ಹಾಸ್ಟೆಲಿನಲ್ಲಿ ಬ್ಲೇಜರ್‌ಗಾಗಿ ಹುಡುಕಾಟ ಶುರು. ಬಟ್ಟೆ ನೋಡಿ ಜನ ನಮ್ಮನ್ನು ಅಳೀತಾರೆ ಅನ್ನೋದು ನಮಗೆಲ್ಲ ಗೊತ್ತು. ಡಾ. ಅಂಬೇಡ್ಕರರಿಗೆ ಇದು ಗೊತ್ತಾದದ್ದು ಚಿಕ್ಕ ವಯಸ್ಸಿನಲ್ಲೇ.

1891ರಲ್ಲಿ ಮಹೂವಿನಲ್ಲಿ ಹುಟ್ಟಿದ ಭೀಮರಾವ್, ಸತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. 1901ರಲ್ಲಿ ಹೊಸ ಅಂಗಿ, ರೇಷ್ಮೆ ಅಂಚಿನ ಪಂಚೆ, ಮಿನುಗುವ ಟೋಪಿ ತೊಟ್ಟು, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ರೈಲಿನಲ್ಲಿ ಹೊರಟರು. ಮಸೂರಿನ ಸ್ಟೇಷನ್ ಮಾಸ್ತರ ಇವರನ್ನು ಬ್ರಾಹ್ಮಣ ಮಕ್ಕಳೆಂದುಕೊಂಡು ವಿಚಾರಿಸಿದ. ಮಹಾರರೆಂದು ತಿಳಿದದ್ದೇ ಹಿಂದೆ ಸರಿದ. ಹುಡುಗರು ತೊಟ್ಟ ಬಟ್ಟೆ ಅದೇ, ನೋಡುವ ಕಣ್ಣು ಬೇರೆಯಾಯ್ತು.

ಮುಂದೆ ಅವರು ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆದರು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಸೇರಿದ್ದ ದಲಿತ ಹೆಣ್ಣುಮಕ್ಕಳಿಗೆ, ಜಾತಿ ಗುರುತು ಹೇಳುವ ಉಡುಗೆ-ಒಡವೆ ಬಿಡಿ ಎಂದರು. ಕೇಳಿದ ಹೆಂಗಸರು ಸೀರೆ ಉಡೋ ರೀತಿಯನ್ನೇ ಬದಲಾಯಿಸಿಕೊಂಡರು.

ಗಾಂಧೀಜಿ 1921ರಲ್ಲಿ ಮಧುರೈಯಲ್ಲಿ ತುಂಡುಪಂಚೆಗೆ ಇಳಿದರು. ಇದ್ದದ್ದನ್ನು ಬಿಟ್ಟದ್ದು ಅವರ ತ್ಯಾಗ. ಆದರೆ ಒಳ್ಳೆ ಬಟ್ಟೆ ಉಡೋಕೇ ಬಿಡದ ಜನರ ಹತ್ತಿರ ಬಿಡೋಕೆ ಏನಿತ್ತು? ಅವರ ನಡುವಿನಿಂದ ಬಂದವರು ತೊಟ್ಟ ಸೂಟು, ಟೈ ನಮ್ಮ ಕಣ್ಣಿಗೆ ಷೋಕಿಯಲ್ಲ, ನಾನೂ ನಿಮಗೆ ಸಮ ಅನ್ನುವ ಮಾತು.

1956ರಲ್ಲಿ ಅವರು ತೀರಿಕೊಂಡರು. ಊರೂರಿನ ಪ್ರತಿಮೆಗಳಲ್ಲಿ ಇಂದಿಗೂ ಅದೇ ನೀಲಿ ಸೂಟು, ಕೈಯಲ್ಲಿ ಸಂವಿಧಾನ. ಇನ್ಮೇಲೆ ಯಾರದೋ ಡ್ರೆಸ್ ನೋಡಿ ನಗೋ ಮುಂಚೆ, ಆ ಸ್ಟೇಷನ್ನಿನಲ್ಲಿ ನಿಂತ ಹುಡುಗರನ್ನು ಒಮ್ಮೆ ನೆನೆಯೋಣ.