ಶಾಲೆಯ ಹೊರಗಿನ ಕಾರಣಗಳು ಮತ್ತು ರಂಗರಾಯರು

ಬೈಂದೂರು ತಾಲ್ಲೂಕಿನ ಶಿರೂರಿನ ಕಡೆಯ ಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಶಿಕ್ಷಕನಾಗಿದ್ದೆ. (2024ರಲ್ಲಿ ಗುಡ್ಡ ಕುಸಿದು ಸುದ್ದಿಯಾದ ಶಿರೂರು ಅಂಕೋಲಾದ್ದು, ಇದು ಬೇರೆ.) ಏಳನೆಯ ತರಗತಿಯ ಹುಡುಗನೊಬ್ಬ ಮೊದಲು ಮಾತು ಬಿಟ್ಟ, ಬಳಿಕ ಊಟ ಬಿಟ್ಟ, ಕೊನೆಗೆ ಶಾಲೆಯನ್ನೇ ಬಿಟ್ಟ. ನಾನು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕುತ್ತಾ ಹೋದೆ. ಮುಂಬಯಿಯ ಹೋಟೆಲಿನಲ್ಲಿದ್ದ ಅವನ ತಂದೆ ಮನೆಯ ಸಂಪರ್ಕವನ್ನೇ ಕಡಿದುಕೊಂಡಿದ್ದರೆಂಬುದು ನನಗೆ ತಿಳಿದದ್ದು ತಿಂಗಳುಗಳ ಮೇಲೆ. ಅವನ ಮನೆ ಶಾಲೆಯಿಂದ ಒಂದು ಮೈಲಿಯೂ ಇರಲಿಲ್ಲ. ಅದು ನೆನಪಾದಾಗಲೆಲ್ಲ ಕುದ್ಮುಲ್ ರಂಗರಾಯರ ಬದುಕು ನನ್ನನ್ನು ಕುಟುಕುತ್ತದೆ.

ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ತಿಂಗಳಿಗೆ ಎಂಟು ರೂಪಾಯಿ ಸಂಬಳದ ಶಿಕ್ಷಕರಾದರು. ಕಲಿಸುತ್ತಲೇ ಕಲಿತು ವಕೀಲರಾದರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ಸೆಳೆದವು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಶಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಂಗಡಿಯಾಗುತ್ತ ಹೋಯಿತು. ಮೇಲ್ಜಾತಿಯ ಶಿಕ್ಷಕರು ಬರಲೊಪ್ಪದಿದ್ದಾಗ ಕ್ರೈಸ್ತ ಶಿಕ್ಷಕರು ಕೈಹಿಡಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ನಾನು ಮತ್ತೆ ಮತ್ತೆ ಯೋಚಿಸುವುದು ಬೇರೊಂದು ಸಂಗತಿಯನ್ನು. ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಎಂಬುದನ್ನು ಅವರು ಬಹುಬೇಗ ಅರಿತರು. ಕೂಲಿಯ ಮನೆಯಲ್ಲಿ ಮಗುವಿನ ಪುಟ್ಟ ಕೈಗಳೂ ದುಡಿಮೆಯ ಕೈಗಳೇ. ಅದಕ್ಕೆ ಅವರು ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಅಕ್ಷರ ದಾಸೋಹಕ್ಕೆ ಸುಮಾರು ಒಂದು ಶತಮಾನದಷ್ಟು ಮೊದಲೇ ಮಧ್ಯಾಹ್ನದ ಊಟ ಹಾಕಿದರು. ವಸತಿ ನಿಲಯ ನಡೆಸಿದರು, ನೇಯ್ಗೆ ಕಲಿಸಿದರು. ಮಾನಸಿಕ ಆರೋಗ್ಯವೆಂಬ ಮಾತು ಅಂದು ಯಾರ ಬಾಯಲ್ಲೂ ಇರಲಿಲ್ಲ. ಆದರೆ ಹಸಿವು, ಅವಮಾನ, ಅಂಜಿಕೆಗಳು ಪಾಠಕ್ಕಿಂತ ಮೊದಲು ಮಗುವಿನೊಳಗೆ ಕುಳಿತಿರುತ್ತವೆ ಎಂಬುದನ್ನು ಅವರ ಏರ್ಪಾಡುಗಳೇ ಹೇಳುತ್ತವೆ. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದ ಅವರು 1928ರ ಜನವರಿ 30ರಂದು ತೀರಿಕೊಂಡರು. ಪೌರಕಾರ್ಮಿಕರೇ ತಮ್ಮ ಅಂತ್ಯಕ್ರಿಯೆ ನಡೆಸಬೇಕೆಂಬುದು ಅವರ ಇಚ್ಛೆಯಾಗಿತ್ತು.

ಶಾಲೆಗಳಿಗೆ ತರಬೇತಾದ ಸಮಾಜ ಕಾರ್ಯಕರ್ತರು ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕೆಂದು ನಿರ್ದೇಶಿಸಿತು. ಸ್ವಾಗತಾರ್ಹವೇ ಸರಿ. ಆದರೆ ನೂರು ಮಕ್ಕಳಿಲ್ಲದ ಶಾಲೆಗಳು ಹೊರಗಿನ ತಜ್ಞರೊಡನೆ ಸಂಪರ್ಕವಿಟ್ಟುಕೊಂಡರೆ ಸಾಕು. ನಮ್ಮ ಕಡಲತಡಿಯ, ಮಲೆಯ ಸೆರಗಿನ ಸರ್ಕಾರಿ ಶಾಲೆಗಳಲ್ಲಿ ಎಷ್ಟಕ್ಕೆ ನೂರರ ಹಾಜರಿಯಿದೆ? ಮಾತು ಬಿಟ್ಟ ಹುಡುಗನನ್ನು ಗುರುತಿಸಿ ತಜ್ಞರ ಬಳಿಗೆ ಕಳುಹಿಸಬೇಕಾದವರು ಯಾರು? ನನ್ನಂಥ ಶಿಕ್ಷಕರೇ. ನಾನು ಮಾಡಿದ್ದನ್ನು ಮೇಲೆ ಹೇಳಿದ್ದೇನೆ.

ಪ್ರತಿ ಕ್ಲಸ್ಟರಿಗೆ ಒಬ್ಬ ಸಂಪನ್ಮೂಲ ವ್ಯಕ್ತಿ ಇರುವಂತೆಯೇ ಒಬ್ಬ ಸಮಾಜ ಕಾರ್ಯಕರ್ತರನ್ನು ಸರ್ಕಾರ ಕಡ್ಡಾಯವಾಗಿ ನೇಮಿಸಲಿ. ಅವರಿಗೆ ಗುಮಾಸ್ತಿಕೆ, ಗಣತಿಯ ಕೆಲಸ ಹೊರಿಸದೆ, ವಾರಕ್ಕೆರಡು ದಿನವನ್ನಾದರೂ ಮನೆ ಭೇಟಿಗೆ ಮೀಸಲಿಡಲಿ. ಅಭ್ಯರ್ಥಿಗಳಿಗೆ ಕೊರತೆಯಾಗಲಾರದು, ರಂಗರಾಯರ ಮಂಗಳೂರಿನಲ್ಲೇ 1960ರಲ್ಲಿ ಆರಂಭವಾದ ಸಮಾಜಕಾರ್ಯ ಕಾಲೇಜೊಂದಿದೆ.