ಕುಲುಕದೆ ತಿರುಗುವ ಮೋಟಾರು: ನಿಕೋಲಾ ಟೆಸ್ಲಾ

ಭೌತಶಾಸ್ತ್ರದ ತರಗತಿಯಲ್ಲಿ ಕಾಂತಕ್ಷೇತ್ರವನ್ನು ನಾವು ‘ಟೆಸ್ಲಾ’ದಲ್ಲಿ ಅಳೆಯುತ್ತೇವೆ. ಆ ಹೆಸರಿನ ಹಿಂದಿರುವ ನಿಕೋಲಾ ಟೆಸ್ಲಾ ಅವರು 1856ರ ಜುಲೈ 10ರಂದು ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಮಗನೂ ಪಾದ್ರಿಯಾಗಲಿ ಎಂಬುದು ಅವರ ಆಸೆ; ಮಗನ ಮನಸ್ಸೆಲ್ಲ ಯಂತ್ರಗಳ ಮೇಲೆ.

ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓದುವಾಗ ಪ್ರಾಧ್ಯಾಪಕರೊಬ್ಬರು ವಿದ್ಯುತ್ ಮೋಟಾರನ್ನು ನಡೆಸಿ ತೋರಿಸಿದರು. ಅದರ ಬ್ರಷ್‌ಗಳು ಉಜ್ಜಿ ಕಿಡಿ ಹಾರುತ್ತಿದ್ದವು. ಬ್ರಷ್ ಇಲ್ಲದೆಯೇ ಮೋಟಾರು ಓಡಿಸಬಹುದಲ್ಲವೇ ಎಂದು ಟೆಸ್ಲಾ ಕೇಳಿದರು. ಅದು ಆಗದ ಮಾತು ಎಂದು ಪ್ರಾಧ್ಯಾಪಕರು ತರಗತಿಯ ಮುಂದೆಯೇ ವಿವರಿಸಿದರು. ಟೆಸ್ಲಾ ಸುಮ್ಮನಾದರು, ಆದರೆ ಪ್ರಶ್ನೆಯನ್ನು ಬಿಡಲಿಲ್ಲ.

1882ರಲ್ಲಿ ಬುಡಾಪೆಸ್ಟ್‌ನ ಉದ್ಯಾನದಲ್ಲಿ ಗೆಳೆಯನೊಂದಿಗೆ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಒಂದೇ ಸುರುಳಿಗೆ ಪರ್ಯಾಯ ವಿದ್ಯುತ್ ಕೊಟ್ಟರೆ ಕಾಂತಬಲ ಏರಿ ಇಳಿಯುತ್ತದೆ. ಅದರಿಂದ ತಿರುಗುಬಲವೂ, ಅಂದರೆ ಟಾರ್ಕ್ ಕೂಡ ಏರಿಳಿದು ಮೋಟಾರು ಕುಲುಕುತ್ತದೆ. ಲಂಬವಾಗಿಟ್ಟ ಎರಡು ಸುರುಳಿಗಳಿಗೆ 90 ಡಿಗ್ರಿ ಅಂತರದ ಎರಡು ಪ್ರವಾಹ ಕೊಟ್ಟರೆ, ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಸೈನ್ ವರ್ಗಕ್ಕೆ ಕೊಸೈನ್ ವರ್ಗ ಕೂಡಿಸಿದರೆ ಯಾವಾಗಲೂ 1 ಎಂದು ನಾವು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಕಾಂತಕ್ಷೇತ್ರ ಬಲಗುಂದದೆ ಸುತ್ತುತ್ತದೆ, ಮೋಟಾರಿನ ತಿರುಗುವ ಭಾಗ ಅದರ ಹಿಂದೆಯೇ ಓಡುತ್ತದೆ. ಬ್ರಷ್ ಬೇಕಿಲ್ಲ.

ಉತ್ತರ ಸಿಕ್ಕರೂ ಹಾದಿ ಸುಲಭವಾಗಲಿಲ್ಲ. 1884ರಲ್ಲಿ ಅಮೆರಿಕಕ್ಕೆ ಹೋದ ಟೆಸ್ಲಾ ಕೆಲಸವಿಲ್ಲದೆ ಹೊಟ್ಟೆಪಾಡಿಗಾಗಿ ಗುಂಡಿ ಅಗೆದದ್ದೂ ಉಂಟು. 1888ರಲ್ಲಿ ಅವರ ಮೋಟಾರಿಗೆ ಪೇಟೆಂಟ್ ದೊರೆಯಿತು. ಅದೇ ವರ್ಷ ಇಟಲಿಯ ಗೆಲಿಲಿಯೊ ಫೆರಾರಿಸ್ ಅವರು ತಾವೇ ಕಂಡುಕೊಂಡಿದ್ದ ಇದೇ ತತ್ವವನ್ನು ಪ್ರಕಟಿಸಿದರು. 1889ರಲ್ಲಿ ಜರ್ಮನಿಯಲ್ಲಿದ್ದ ಡೊಲಿವೊ-ಡೊಬ್ರೊವೊಲ್ಸ್ಕಿ ಅವರು ಎರಡರ ಬದಲು ಮೂರು ಪ್ರವಾಹಗಳನ್ನು ಬಳಸಿ, ಉಳಿದಿದ್ದ ಏರಿಳಿತವನ್ನು ಇನ್ನಷ್ಟು ತಗ್ಗಿಸಿದರು.

ಇಂದು ಬಿಎಲ್‌ಡಿಸಿ ಫ್ಯಾನ್, ವಿದ್ಯುತ್ ಸ್ಕೂಟರ್‌ಗಳ ಮೋಟಾರಿಗೂ ಬ್ರಷ್ ಇಲ್ಲ. ಅಲ್ಲಿ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಪ್ರವಾಹವನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ಥಟ್ಟನೆ ಬದಲಿಸಿದರೆ ಪ್ರತಿ ಬಾರಿಯೂ ಸಣ್ಣ ಕುಲುಕಾಟ, ಗುಂಯ್‌ಗುಟ್ಟುವಿಕೆ. ಪ್ರವಾಹವನ್ನು ಸೈನ್ ಅಲೆಯಂತೆ ನಯವಾಗಿ ಏರಿಳಿಸಿ ಎಂಜಿನಿಯರ್‌ಗಳು ಅದನ್ನು ತಗ್ಗಿಸುತ್ತಾರೆ. ಹಾದಿ ಟೆಸ್ಲಾ ಅವರದ್ದೇ.

1943ರ ಜನವರಿ 7ರಂದು ಅವರು ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ತೀರಿಕೊಂಡರು; ಕೈಯಲ್ಲಿ ಹಣವಿರಲಿಲ್ಲ. 1960ರಲ್ಲಿ ಕಾಂತಕ್ಷೇತ್ರದ ಅಂತಾರಾಷ್ಟ್ರೀಯ ಏಕಮಾನಕ್ಕೆ ಅವರ ಹೆಸರಿಡಲಾಯಿತು. ತರಗತಿಯಲ್ಲಿ ನಾವು ಕೇಳುವ ಪ್ರಶ್ನೆಗೆ ಅಂದೇ ಉತ್ತರ ಸಿಗದಿರಬಹುದು. ಹಾಗೆಂದು ಅದನ್ನು ಕೈಬಿಡಬೇಕಿಲ್ಲ.